ಬೈಟು ಬಂತು, ಅರ್ಥ ಬರಲಿಲ್ಲ

ರಾತ್ರಿ ಎರಡೂವರೆಗೆ ಫೋನು ಬಡ್ಕೊಳ್ತು. ನಾನು ಮಾಡಿದ್ದ ಬದಲಾವಣೆ ಇಷ್ಟೇ: 'ಆರ್ಡರ್' ಅನ್ನೋ ಜಾವಾ ಕ್ಲಾಸಿಗೆ ಒಂದು ಪಬ್ಲಿಕ್ ಮೆಥಡ್ ಸೇರಿಸಿದ್ದೆ. ಮೊತ್ತಕ್ಕೆ ತೆರಿಗೆ ಕೂಡಿಸಿ ಕೊಡೋ ಮೂರು ಸಾಲು. ಡೇಟಾ ಮುಟ್ಟಿರಲಿಲ್ಲ, ಒಂದು ಫೀಲ್ಡನ್ನೂ ಅಲ್ಲಾಡಿಸಿರಲಿಲ್ಲ. ಸಂಜೆ ಡಿಪ್ಲಾಯ್ ಮಾಡಿ, ಮನೆಗೆ ಬಂದು, ಉಂಡು ಮಲಗಿದ್ದೆ.

ಲಾಗ್ ತೆಗೆದು ನೋಡಿದರೆ ಒಂದೇ ಸಾಲು ಸಾವಿರಾರು ಸಲ: ಇನ್‌ವ್ಯಾಲಿಡ್ ಕ್ಲಾಸ್ ಎಕ್ಸೆಪ್ಶನ್. ಪಕ್ಕದಲ್ಲಿ ಎರಡು ಉದ್ದುದ್ದ ಸಂಖ್ಯೆ. ಒಂದು ಬಂದ ಬೈಟುಗಳಲ್ಲಿ ಇರೋದು, ಇನ್ನೊಂದು ಓದೋ ಮಷೀನಿನ ಕ್ಲಾಸಿನದು. ಎರಡೂ ಬೇರೆ ಬೇರೆ, ಹಾಗಾಗಿ ನಾನು ಓದೋದಿಲ್ಲ ಅಂತ ಅದರ ಹಠ. ಇತ್ತ ಕ್ಯೂ ಬೆಳೀತಾ ಇತ್ತು. ನಮ್ಮಲ್ಲಿ 24 ಗಂಟೆ ದಾಟಿದ ಮೆಸೇಜು ತಾನಾಗಿ ಅಳಿದು ಹೋಗುತ್ತೆ. ಅಷ್ಟರೊಳಗೆ ಓದದಿದ್ದರೆ, ದುಡ್ಡು ಕೊಟ್ಟು ಕೂತ ಜನರ ಆರ್ಡರುಗಳೆಲ್ಲ ಮಾಯ.

"ರೋಲ್‌ಬ್ಯಾಕ್ ಮಾಡು ಮಾರಾಯ" ಅಂದ್ರು ಟೀಮ್ ಲೀಡ್. ಮಾಡಿದೆ. ಹಳೇ ಮೆಸೇಜುಗಳು ಓದಿಸಿಕೊಂಡವು. ಆದರೆ ಸಂಜೆಯಿಂದ ಹೊಸ ಕ್ಲಾಸು ಬರೆದಿಟ್ಟಿದ್ದ ಮೆಸೇಜುಗಳು ಬಂದ ಕೂಡಲೇ ಮತ್ತೆ ಅದೇ ಜಗಳ, ಸಂಖ್ಯೆಗಳು ಮಾತ್ರ ಅದಲುಬದಲು. ಒಂದೇ ಕ್ಯೂನಲ್ಲಿ ಎರಡು ಜಾತಿಯ ಮೆಸೇಜು. ಮುಂದೆ ಹೋದರೂ ಕಷ್ಟ, ಹಿಂದೆ ಬಂದರೂ ಕಷ್ಟ.

ಈ ಜಗಳಕ್ಕೆ ನನ್ನ ವಯಸ್ಸಿಗಿಂತ ಹೆಚ್ಚು ವಯಸ್ಸಾಗಿದೆ. ಮೆಮೊರಿಯಲ್ಲಿರೋ ವಸ್ತುವನ್ನು ಬೈಟುಗಳ ಸಾಲು ಮಾಡಿ ಕಳಿಸೋದು ಸೀರಿಯಲೈಸೇಶನ್, ಆ ಸಾಲಿನಿಂದ ಮತ್ತೆ ವಸ್ತು ಕಟ್ಟೋದು ಡಿಸೀರಿಯಲೈಸೇಶನ್. ಕಳಿಸೋದು ಸುಲಭ. ಕಟ್ಟೋನಿಗೆ ಕಳಿಸಿದವನ ಮನಸ್ಸು ಗೊತ್ತಿರಬೇಕು, ಅಲ್ಲೇ ಇರೋದು ತಾಪತ್ರಯ. ಯುನಿಕ್ಸನ್ನು ಪಿಡಿಪಿ-11ರಿಂದ ಬೇರೆ ಜಾತಿಯ ಮಷೀನಿಗೆ ಒಯ್ದ ಕಾಲದಲ್ಲಿ ಬೈಟುಗಳ ಜೋಡಣೆ ತಿರುವುಮುರುವಾಗಿ, 'ಯುನಿಕ್ಸ್' ಅನ್ನೋ ಪದದ ಇಂಗ್ಲಿಷ್ ಅಕ್ಷರಗಳು ಎನ್-ಯು-ಎಕ್ಸ್-ಐ ಆಗಿ ಬಿದ್ದವಂತೆ. ಇವತ್ತಿಗೂ ಅದನ್ನು 'ನಕ್ಸಿ ಸಮಸ್ಯೆ' ಅಂತಾರೆ. 1980ರ ಏಪ್ರಿಲ್ 1ರಂದು ಡ್ಯಾನಿ ಕೊಹೆನ್ ಈ ಜಗಳದ ಮೇಲೆ ಒಂದು ಟಿಪ್ಪಣಿ ಬರೆದು, ಗಲಿವರನ ಕಥೆಯಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕು ಅಂತ ಹೊಡೆದಾಡೋ ಜನರ ಹೆಸರನ್ನೇ ಎರಡೂ ಪಕ್ಷಕ್ಕೆ ಇಟ್ಟ. ಬಿಗ್ ಎಂಡಿಯನ್, ಲಿಟಲ್ ಎಂಡಿಯನ್ ಅಂತ ನಾವು ಇಂಜಿನಿಯರಿಂಗ್‌ನಲ್ಲಿ ಬಾಯಿಪಾಠ ಮಾಡಿದ್ವಲ್ಲ, ಅದು ಬಂದಿದ್ದು ಹೀಗೆ.

ಸನ್ ಕಂಪನಿ 1987ರಲ್ಲಿ ಎಕ್ಸ್‌ಡಿಆರ್ ಅನ್ನೋ ನಿಯಮ ಪ್ರಕಟಿಸಿತು. ದೊಡ್ಡ ತುದಿ ಮೊದಲು, ಎಲ್ಲವೂ ನಾಲ್ಕು ಬೈಟಿನ ಲೆಕ್ಕದಲ್ಲಿ. ಶಿಸ್ತಾದ ಕೆಲಸ. ಆದರೆ ಇದು ಸಂಖ್ಯೆ, ಇದು ಹೆಸರು ಅಂತ ಡೇಟಾ ಜೊತೆ ಏನೂ ಬರೆಯೋದಿಲ್ಲ, ಎರಡೂ ಕಡೆಯವರಿಗೆ ಮೊದಲೇ ಗೊತ್ತಿರಬೇಕು.

ಬೆಳಗಾವಿ ಜಿಲ್ಲೆಯ ನಮ್ಮೂರ ಮನೆಯಲ್ಲಿ ಅಜ್ಜನ ಟ್ರಂಕು ಇದೆ, ಅದರಲ್ಲಿ ಹೊಲದ ಕಾಗದಗಳು. ಮೋಡಿ ಲಿಪಿಯವು. ಹುಳ ಹಿಡಿದಿಲ್ಲ, ಮಸಿ ಮಾಸಿಲ್ಲ. "ಇದರಾಗ ಏನ್ ಬರದೈತೋ ಆ ಶಿವಗs ಗೊತ್ತು" ಅಂತಾನೆ ಅಪ್ಪ. ಅಜ್ಜನಿಗೆ ಓದಲು ಬರ್ತಿತ್ತು, ಅಪ್ಪನಿಗೆ ಬರಲ್ಲ. ಎಕ್ಸ್‌ಡಿಆರ್ ಓದಿದಾಗಲೆಲ್ಲ ನನಗೆ ಆ ಟ್ರಂಕು ನೆನಪಾಗುತ್ತೆ.

ಹತ್ತು ವರ್ಷದ ನಂತರ, 1997ರಲ್ಲಿ, ಅದೇ ಸನ್ ಕಂಪನಿ ಜಾವಾ 1.1ರ ಜೊತೆ ಸೀರಿಯಲೈಸೇಶನ್ ಕೊಟ್ಟಿತು. ಕ್ಲಾಸಿನ ಮುಂದೆ 'ಸೀರಿಯಲೈಸಬಲ್' ಅಂತ ಒಂದು ಪದ ಬರೆದರೆ ಮುಗೀತು, ಉಳಿದಿದ್ದೆಲ್ಲ ಜಾವಾದ ಜವಾಬ್ದಾರಿ. ಎಷ್ಟು ಸಲೀಸಾಗಿತ್ತು ಅಂದರೆ, ಕಳಿಸೋನಿಗೂ ಓದೋನಿಗೂ ನಡುವೆ ಒಂದು ಒಪ್ಪಂದ ಇದೆ ಅನ್ನೋದೇ ನಮಗೆ ಮರೆತುಹೋಯ್ತು. ಒಪ್ಪಂದ ಇತ್ತು, ಕಣ್ಣಿಗೆ ಕಾಣ್ತಿರಲಿಲ್ಲ ಅಷ್ಟೆ. ನೀವು 'ಸೀರಿಯಲ್ ವರ್ಶನ್ ಯುಐಡಿ' ಕೊಡದಿದ್ದರೆ ಜಾವಾನೇ ಒಂದನ್ನು ಲೆಕ್ಕ ಹಾಕುತ್ತೆ. ಕ್ಲಾಸಿನ ಹೆಸರು, ಇಂಟರ್‌ಫೇಸುಗಳು, ಫೀಲ್ಡುಗಳು, ಪ್ರೈವೇಟ್ ಅಲ್ಲದ ಮೆಥಡ್ಡುಗಳು, ಎಲ್ಲವನ್ನೂ ಸೇರಿಸಿ ಶಾ-1 ಹ್ಯಾಶ್ ಮಾಡಿ ಎಂಟು ಬೈಟು ಎತ್ತಿಕೊಳ್ಳುತ್ತೆ. ಮೆಥಡ್ಡು ಬೈಟಾಗಿ ಹೋಗೋದೇ ಇಲ್ಲ, ಆದರೂ ಲೆಕ್ಕಕ್ಕೆ ಸೇರುತ್ತೆ! ನನ್ನ ಮೂರು ಸಾಲು ಕೆಡಿಸಿದ್ದು ಇದನ್ನೇ.

ಹೀಗಾದಾಗ ಸ್ಟ್ಯಾಕ್ ಟ್ರೇಸನ್ನೇ ದಿಟ್ಟಿಸ್ತಾ ಕೂರಬೇಡಿ, ಬೈಟು ನೋಡಿ. ಹೆಕ್ಸಿನಲ್ಲಿ ತೆರೆದಾಗ ಮೊದಲು 'ಎಸಿ ಇಡಿ 00 05' ಕಂಡರೆ ಅದು ಜಾವಾ ಬರೆದಿದ್ದು, ಅದರ ಹಿಂದೆಯೇ ಕ್ಲಾಸಿನ ಹೆಸರು, ಆಮೇಲೆ ಆ ಎಂಟು ಬೈಟು. ನಾವು ಎರಡೂ ಥರದ ಮೆಸೇಜು ತೆರೆದು ಪಕ್ಕಪಕ್ಕ ಇಟ್ಟು ನೋಡಿದ್ವಿ. ಫೀಲ್ಡುಗಳೆಲ್ಲ ಒಂದೇ, ಎಂಟು ಬೈಟು ಮಾತ್ರ ಬೇರೆ. ಆಮೇಲೆ ಆಬ್ಜೆಕ್ಟ್ ಇನ್‌ಪುಟ್ ಸ್ಟ್ರೀಮನ್ನು ವಿಸ್ತರಿಸಿ, ಕ್ಲಾಸಿನ ವಿವರ ಓದೋ ಜಾಗದಲ್ಲಿ, ಹೆಸರು 'ಆರ್ಡರ್' ಆಗಿದ್ದರೆ ಬಂದ ಸಂಖ್ಯೆ ಬಿಟ್ಟು ನಮ್ಮ ಕ್ಲಾಸಿನ ವಿವರವನ್ನೇ ಕೊಟ್ವಿ. ಫೀಲ್ಡು ಬದಲಾಗಿದ್ದರೆ ಇದು ಆತ್ಮಹತ್ಯೆ. ಬೆಳಗ್ಗೆ ಏಳರ ಹೊತ್ತಿಗೆ ಕ್ಯೂ ಕರಗಲು ಶುರುವಾಯ್ತು.

ನಾನು ಬಿದ್ದ ಹಳ್ಳವನ್ನು ಬುದ್ಧಿವಂತರು ಮೊದಲೇ ನೋಡಿ ಸುತ್ತು ಹಾಕಿದ್ದರು. ಹಡೂಪ್ ಕಟ್ಟಿದ ಡಗ್ ಕಟಿಂಗ್ ಜಾವಾದ ಸೀರಿಯಲೈಸೇಶನ್ ಬೇಡ ಅಂತ ತನ್ನದೇ 'ರೈಟಬಲ್' ಮಾಡಿಕೊಂಡಿದ್ದ. 2009ರಲ್ಲಿ ಅವನೇ ಆವ್ರೋ ಶುರುಮಾಡಿದ. ಅದರ ಫೈಲಿನ ತಲೆಯಲ್ಲೇ ಸ್ಕೀಮಾ ಇರುತ್ತೆ. ಓದೋನು ಬರೆದವನ ಸ್ಕೀಮಾ, ತನ್ನ ಸ್ಕೀಮಾ ಎರಡನ್ನೂ ಮುಂದಿಟ್ಟು ಹೊಂದಿಸಿಕೊಳ್ತಾನೆ. ಕಾಗದದ ಜೊತೆ ಮೋಡಿ ಕಾಗುಣಿತವನ್ನೂ ಟ್ರಂಕಿಗೆ ಹಾಕಿಟ್ಟ ಹಾಗೆ.

ಗೂಗಲ್ 2008ರಲ್ಲಿ ಹೊರಬಿಟ್ಟ ಪ್ರೋಟೊಕಾಲ್ ಬಫರ್ಸ್‌ದು ಬೇರೆ ದಾರಿ. ಹೆಸರು ಕಳಿಸೋದೇ ಇಲ್ಲ, ಪ್ರತಿ ಫೀಲ್ಡಿಗೂ ಒಂದು ಸಂಖ್ಯೆ. ಅದರಲ್ಲಿ 'ರಿಕ್ವೈರ್ಡ್' ಅನ್ನೋ ಪದವಿತ್ತು, ಈ ಫೀಲ್ಡು ಬರಲೇಬೇಕು ಅಂತ. ಕಟ್ಟುನಿಟ್ಟು ಒಳ್ಳೇದೇ ಅಲ್ವಾ ಅನಿಸುತ್ತೆ. ಆದರೆ ಮುಂದೊಂದು ದಿನ ಆ ಫೀಲ್ಡು ಯಾರಿಗೂ ಬೇಡವಾಗಿ ಕಳಿಸೋನು ನಿಲ್ಲಿಸಿದರೆ, ದಾರಿಯಲ್ಲಿರೋ ಹಳೇ ಸರ್ವರುಗಳು ಇಡೀ ಮೆಸೇಜನ್ನೇ ತಿರಸ್ಕರಿಸುತ್ತವೆ. ಮೂರನೇ ಆವೃತ್ತಿಯಲ್ಲಿ ಆ ಪದವನ್ನೇ ಕಿತ್ತುಹಾಕಿದರು. ನನಗಂತೂ ಇಡೀ ಚರಿತ್ರೆಯಲ್ಲಿ ಇದೇ ದೊಡ್ಡ ತಿರುವು ಅನಿಸುತ್ತೆ. ನನ್ನ ಟೀಮಿನಲ್ಲೇ ಇದನ್ನು ಒಪ್ಪದವರಿದ್ದಾರೆ.

ನಮ್ಮ ಕ್ಯೂ ಕಾಫ್ಕಾದ್ದು. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಹೊರಬಂದ ಇದಕ್ಕೆ ಲೇಖಕ ಕಾಫ್ಕಾನ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ ಅಂತ ಅವತ್ತು ರಾತ್ರಿ ಗೊತ್ತಾಯ್ತು. ಕಾಫ್ಕಾ ಒಳಗೇನಿದೆ ಅಂತ ನೋಡೋದೇ ಇಲ್ಲ, ಅದಕ್ಕೆ ಎಲ್ಲವೂ ಬೈಟು. ಓದೋ ಪ್ರೋಗ್ರಾಂ ಒಂದು ಕೆಟ್ಟ ಮೆಸೇಜಿಗೆ ಎಡವಿ ಬಿದ್ದು, ಎದ್ದು, ಮತ್ತೆ ಅದೇ ಮೆಸೇಜಿಗೆ ಎಡವುತ್ತೆ. ಆಮೇಲೆ ಬಂದ ಸ್ಕೀಮಾ ರಿಜಿಸ್ಟ್ರಿಯಲ್ಲಿ ಮೆಸೇಜಿನ ಮುಂದೆ ಐದು ಬೈಟು: ಒಂದು ಸೊನ್ನೆ, ನಾಲ್ಕು ಬೈಟಿನ ಸ್ಕೀಮಾ ಸಂಖ್ಯೆ. 'ಅನ್‌ನೋನ್ ಮ್ಯಾಜಿಕ್ ಬೈಟ್' ಅಂತ ಎರರ್ ಬಂದರೆ ಆ ಸೊನ್ನೆ ಇರಬೇಕಾದಲ್ಲಿ ಬೇರೇನೋ ಇದೆ ಅಂತ ತಿಳ್ಕೊಳ್ಳಿ. ಯಾರೋ ರಿಜಿಸ್ಟ್ರಿ ಬಿಟ್ಟು ನೇರ ಬರೆದಿರ್ತಾರೆ.

ಜಾವಾದ ಲೆಕ್ಕ ಚುಕ್ತಾ ಆಗಿದ್ದು ತಡವಾಗಿ. 2015ರಲ್ಲಿ ಕ್ರಿಸ್ ಫ್ರೋಹಾಫ್, ಗೇಬ್ರಿಯಲ್ ಲಾರೆನ್ಸ್ ಅನ್ನೋ ಇಬ್ಬರು, ಬೇಕಂತಲೇ ಹೊಸೆದ ಬೈಟುಗಳನ್ನು ಓದಿಸಿದರೆ ಸಾಕು, ಓದೋ ಮಷೀನಿನಲ್ಲಿ ತಮಗೆ ಬೇಕಾದ ಕೋಡು ಓಡಿಸಬಹುದು ಅಂತ ತೋರಿಸಿದರು. 2018ರಲ್ಲಿ ಜಾವಾದ ಮುಖ್ಯ ಶಿಲ್ಪಿ ಮಾರ್ಕ್ ರೀನ್‌ಹೋಲ್ಡ್ ಅವರೇ, 1997ರಲ್ಲಿ ಮಾಡಿದ್ದು ಘೋರ ತಪ್ಪು ಅಂತ ಒಪ್ಪಿಕೊಂಡರು. ಆದರೂ ತೆಗೆಯೋಕಾಗಿಲ್ಲ, ಅಷ್ಟು ಕಡೆ ಬೇರು ಬಿಟ್ಟಿದೆ.

ನಾವು ಆವ್ರೋಗೆ ಹೋದ್ವಿ, ಮುಕ್ಕಾಲು ಭಾಗ. 'ಆರ್ಡರ್' ಕ್ಲಾಸು ಮಾತ್ರ ಇನ್ನೂ ಹಾಗೇ ಇದೆ, ತಲೆಯ ಮೇಲೆ ಒಂದು ಉದ್ದದ ಸಂಖ್ಯೆ ಕೈಯಾರೆ ಬರೆದಿದೆ. ಹೋದ ವಾರ ಹೊಸದಾಗಿ ಸೇರಿದ ಹುಡುಗಿ ಕೇಳಿದಳು, "ಸರ್, ಈ ನಂಬರ್ ಎಲ್ಲೂ ಯೂಸ್ ಆಗ್ತಿಲ್ಲ, ತೆಗೆದುಬಿಡ್ಲಾ?"

ಕುರ್ಚಿ ಎಳೆದು ಕೂರಿಸಿ, ಟೀ ತರಿಸಿದೆ.