ಗೊಂಬೆ ಕೂರಿಸಿದ್ದೀರಾ?

ಶರತ್ಕಾಲ ಅಂದರೆ ಎಲೆ ಉದುರುವ ಕಾಲ ಎಂದು ಇಂಗ್ಲಿಷ್ ಪಠ್ಯ ಓದಿ ಬೆಳೆದ ಮಕ್ಕಳು ಹೇಳುತ್ತಾರೆ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಆಶ್ವಯುಜ, ಕಾರ್ತಿಕ ಮಾಸಗಳ ಶರದೃತು ಇಲ್ಲಿ ಹಸಿರಿನ ಕಾಲವೇ. ಹಸ್ತ, ಚಿತ್ತೆ ಮಳೆಗಳು ಆಗಾಗ ಬಂದು ಹೋಗುತ್ತವೆ, ಹೊಲದಲ್ಲಿ ರಾಗಿ ತೆನೆ ಕಟ್ಟುತ್ತಿರುತ್ತದೆ, ಸುಗ್ಗಿಗೆ ಇನ್ನೂ ದಿನಗಳಿರುತ್ತವೆ. ಕಣಜ ತುಂಬಿರುವುದಿಲ್ಲ, ಹಾಗಾಗಿ ಯಾರೂ ಧಾರಾಳವಾಗಿ ಕೊಡುವ ಸ್ಥಿತಿಯಲ್ಲಿರುವುದಿಲ್ಲ. ಆದರೆ ಜಡಿಮಳೆ ನಿಂತಿರುತ್ತದೆ, ದಾರಿಯ ಕೆಸರು ಆರುತ್ತಿರುತ್ತದೆ, ಶಾಲೆಗೆ ದಸರೆಯ ರಜೆ. ಈ ಬಿಡುವಿನಲ್ಲಿ ಕನ್ನಡನಾಡಿನ ಬೇರೆ ಬೇರೆ ಕಡೆಯ ಮಕ್ಕಳು ಮಾಡುತ್ತಿದ್ದ ಕೆಲಸ ಹೆಚ್ಚೂಕಡಿಮೆ ಒಂದೇ: ಇನ್ನೊಬ್ಬರ ಮನೆಬಾಗಿಲಿಗೆ ಹೋಗಿ ನಿಲ್ಲುವುದು. ದಸರೆಯ ಚರಿತ್ರೆಯನ್ನು ನಾವು ಅಂಬಾರಿಯ ಚರಿತ್ರೆಯಾಗಿ ಬರೆದುಕೊಂಡು ಬಂದಿದ್ದೇವೆ. ಅಂಬಾರಿಗಿಂತ ಗಟ್ಟಿಯಾಗಿ ಬಾಳಿದ್ದು ಈ ಬಾಗಿಲಿನ ಚರಿತ್ರೆ ಎಂಬುದು ನನ್ನ ವಾದ.

ಅಂಬಾರಿಯ ಚರಿತ್ರೆಗೆ ದಾಖಲೆಗಳೇನೋ ಬೇಕಾದಷ್ಟಿವೆ. ವಿಜಯನಗರದ ಮಹಾನವಮಿಯನ್ನು 1443ರಲ್ಲಿ ಬಂದ ಅಬ್ದುರ್ ರಜಾಕ್, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡು ಬರೆದರು. ಹಂಪಿಯ ಮಹಾನವಮಿ ದಿಬ್ಬ ಇಂದಿಗೂ ನಿಂತಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆ ಪರಂಪರೆಯನ್ನು ಮುಂದುವರಿಸಿದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿಯೊಂದಿಗೆ ದಸರೆಯೂ ಮೈಸೂರಿಗೆ ಬಂತು. ಇವೆಲ್ಲ ಅರಮನೆಯ ಅಂಗಳದಲ್ಲಿ ನಿಂತವರಿಗೆ ಕಂಡದ್ದು: ಕುಸ್ತಿ, ಕುದುರೆ, ಆನೆ, ಬಾಣಬಿರುಸು. ಅದೇ ಒಂಬತ್ತು ದಿನ ಊರಿನ ಮನೆಗಳ ನಡುಮನೆಯಲ್ಲಿ ಹೆಂಗಸರೂ ಮಕ್ಕಳೂ ಏನು ಮಾಡುತ್ತಿದ್ದರು ಎಂಬುದು ರಾಜನ ಅತಿಥಿಯ ಕಣ್ಣಿಗೆ ಬೀಳುವ ವಿಷಯವಲ್ಲ. ಅದನ್ನು ತಿಳಿಯಬೇಕಾದರೆ ಪುಸ್ತಕ ಬಿಟ್ಟು ಗೊಂಬೆಗಳನ್ನೇ ನೋಡಬೇಕು.

ಹಳೆ ಮೈಸೂರು ಸೀಮೆಯ ಗೊಂಬೆ ಹಬ್ಬದಲ್ಲಿ ಮೆಟ್ಟಿಲುಗಳು ಬೆಸಸಂಖ್ಯೆಯಲ್ಲಿ, ಮೂರೋ ಐದೋ ಏಳೋ ಒಂಬತ್ತೋ. ಟ್ರಂಕು, ಡಬ್ಬ, ಹಲಗೆ ಜೋಡಿಸಿ ಮೇಲೆ ಬಿಳಿ ಪಂಚೆ ಹಾಸಿದರೆ ಮೆಟ್ಟಿಲು ಆಯಿತು. ತುದಿಯಲ್ಲಿ ಕಳಶ, ಪಕ್ಕದಲ್ಲಿ ಪಟ್ಟದ ಗೊಂಬೆಗಳು: ರಕ್ತಚಂದನದ ಮರದಲ್ಲಿ ಕಡೆದ ರಾಜ, ರಾಣಿ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವ ಈ ಜೋಡಿಗೆ ವರ್ಷ ವರ್ಷ ಹೊಸ ಬಟ್ಟೆ. ರವಿಕೆ ಹೊಲಿದು ಉಳಿದ ಜರಿಯ ತುಂಡು ರಾಣಿಯ ಸೀರೆಯಾಗುತ್ತದೆ. ‘ಪಟ್ಟ’ ಎಂಬ ಮಾತೇ ಸಿಂಹಾಸನದ್ದು. ನವರಾತ್ರಿಯಲ್ಲಿ ಅರಸ ದರ್ಬಾರಿನಲ್ಲಿ ಸಿಂಹಾಸನ ಏರುವ ಹಾಗೆಯೇ ಇಲ್ಲೂ ಗೊಂಬೆಗಳನ್ನು ಇಡುವುದಿಲ್ಲ, ‘ಕೂರಿಸುತ್ತಾರೆ’. ಹಾಗಾದರೆ ಇದು ಅರಮನೆಯ ಅನುಕರಣೆಯಷ್ಟೇ ಅಲ್ಲವೇ ಎಂದು ಕೇಳಬಹುದು. ಮೇಲಿನ ಮೆಟ್ಟಿಲಿನ ಮಟ್ಟಿಗೆ ಆ ಮಾತು ನಿಜ. ಕಣ್ಣು ಕೆಳಗಿಳಿಸಿದರೆ ಕಥೆ ಬದಲಾಗುತ್ತದೆ. ದೇವರ ಸಾಲು ದಾಟಿದ ಮೇಲೆ ಮದುವೆ ದಿಬ್ಬಣ, ವಾಲಗದವರು, ಅಕ್ಕಿ ಬೇಳೆ ಗುಡ್ಡೆ ಹಾಕಿಕೊಂಡು ಕೂತ ಶೆಟ್ಟಿ ಮತ್ತು ಶೆಟ್ಟಿತಿ, ಪೊಲೀಸಿನವನು, ಗಾಂಧೀಜಿ, ಕ್ರಿಕೆಟ್ ತಂಡ. ತೀರಾ ಕೆಳಗೆ, ನೆಲದ ಮೇಲೆ, ಮಕ್ಕಳದೇ ರಾಜ್ಯ. ವಾರ ಮೊದಲೇ ತಟ್ಟೆಯಲ್ಲಿ ಮಣ್ಣು ಹಾಸಿ, ರಾಗಿ ಚೆಲ್ಲಿ, ನೀರು ಚಿಮುಕಿಸಿದ್ದರೆ ಹಬ್ಬದ ಹೊತ್ತಿಗೆ ಬೆರಳುದ್ದದ ಪೈರು ಎದ್ದಿರುತ್ತದೆ. ಅದು ಹೊಲ, ಅದೇ ಕಾಡು, ಅದೇ ಪಾರ್ಕು. ನಡುವೆ ಕನ್ನಡಿಯ ಚೂರು ಇಟ್ಟರೆ ಕೆರೆ. ದಂಡೆಯ ಮೇಲಿನ ಹುಲಿಗಿಂತ ಬಾತುಕೋಳಿ ದೊಡ್ಡದಾಗಿದ್ದರೆ ಯಾರಿಗೂ ಬೇಸರವಿಲ್ಲ.

ಅನುಕರಣೆಯ ವಾದಕ್ಕೆ ಇನ್ನೂ ಬಲವಾದ ಉತ್ತರ ಇತ್ತೀಚಿನ ಚರಿತ್ರೆಯಲ್ಲೇ ಇದೆ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನೂ ಅರಸು ಪದವಿಗಳ ಮಾನ್ಯತೆಯನ್ನೂ ತೆಗೆದುಹಾಕಿತು. ಮಹಾರಾಜರು ಕೂರುತ್ತಿದ್ದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ವಿಗ್ರಹ ಸಾಗುತ್ತದೆ. ದೊರೆಯನ್ನು ನೋಡಿ ದೊರೆಯ ಹಾಗೆ ಮಾಡುವುದಷ್ಟೇ ಗೊಂಬೆ ಹಬ್ಬದ ಜೀವವಾಗಿದ್ದರೆ, ದೊರೆ ಆನೆಯಿಂದ ಇಳಿದ ಮೇಲೆ ಅದು ಸೊರಗಬೇಕಿತ್ತು. ಸೊರಗಲಿಲ್ಲ. ಮರದ ರಾಜ ರಾಣಿ ಪಾಡ್ಯದ ದಿನ ಪೆಟ್ಟಿಗೆಯಿಂದ ಎದ್ದು ಕೂರುವುದನ್ನು ಬಿಟ್ಟಿಲ್ಲ. ಅವರನ್ನು ಕೂರಿಸುತ್ತಿದ್ದ ಕಾರಣ ಬೇರೆಯೇ ಇತ್ತು.

ಆ ಕಾರಣ ಸಂಜೆ ಹೊತ್ತಿಗೆ ಬಾಗಿಲಿಗೆ ಬರುತ್ತದೆ. ‘ರೀ, ಗೊಂಬೆ ಕೂರಿಸಿದ್ದೀರಾ?’ ಎಂದು ಬೀದಿಯ ಮಕ್ಕಳ ಗುಂಪು ಕೂಗುತ್ತದೆ. ಕರೆದಿರಬೇಕೆಂದಿಲ್ಲ, ಪರಿಚಯವೂ ಬೇಕಿಲ್ಲ. ಗೊಂಬೆ ಕೂರಿಸಿದ ಮನೆ ಒಳಗೆ ಬಿಡಲೇಬೇಕು. ಮಕ್ಕಳು ಗೊಂಬೆ ನೋಡಬೇಕು, ಒಂದು ಹಾಡು ಹೇಳಬೇಕು, ಚರ್ಪು ಇಸಕೊಳ್ಳಬೇಕು. ಚರ್ಪು ಅಂದರೆ ಒಂದು ಹಿಡಿ ಕಡಲೆಕಾಳು ಉಸಲಿ, ಅರ್ಧ ಕೋಡುಬಳೆ, ಇಲ್ಲವೇ ಒಂದು ರವೆ ಉಂಡೆ. ಹಿಡಿ ಚಿಕ್ಕದು, ಯಾಕೆಂದರೆ ಸುಗ್ಗಿ ಬಂದಿಲ್ಲ, ಮಕ್ಕಳು ಬಹಳ. ಯಾರ ಮನೆಯಲ್ಲಿ ಏನು ಚರ್ಪು ಎಂಬ ಸುದ್ದಿ ಬೀದಿಯ ಆ ತುದಿಗೆ ಗೊಂಬೆಗಳ ಸುದ್ದಿಗಿಂತ ಬೇಗ ಮುಟ್ಟುತ್ತಿತ್ತು ಎಂದರೆ ತಪ್ಪಾಗಲಾರದು.

ಇದು ಮೈಸೂರಿನ ಸೀಮೆಗೆ ಮಾತ್ರ ಸೇರಿದ ಬೆಡಗು ಎನ್ನುವವರು ಕರಾವಳಿಯನ್ನು ನೋಡಬೇಕು. ಉಡುಪಿ, ಕುಂದಾಪುರದ ಕಡೆ ಗೊಂಬೆಯ ಮೆಟ್ಟಿಲಿಲ್ಲ, ಹೂವಿನಕೋಲು ಇತ್ತು. ವೇಷ ಕಟ್ಟಿದ ಹುಡುಗರು ಹೂವಿನಿಂದ ಸಿಂಗರಿಸಿದ ಕೋಲು ಹಿಡಿದು, ಭಾಗವತರ ಹಿಂದೆ ಮನೆಮನೆಗೆ ಹೋಗಿ, ಹರಸುವ ಚೌಪದಿ ಹಾಡಿ, ಯಕ್ಷಗಾನ ಪ್ರಸಂಗದ ಒಂದು ತುಣುಕಿನ ಮಾತುಗಾರಿಕೆ ಒಪ್ಪಿಸುತ್ತಿದ್ದರು. ಮನೆಯವರು ಅಕ್ಕಿ, ಕಾಯಿ, ಕಾಸು ಕೊಡುತ್ತಿದ್ದರು. ಮೇಳಗಳ ತಿರುಗಾಟ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಮಳೆಗಾಲವಿಡೀ ಕೈಯಲ್ಲಿ ಕಾಸಿಲ್ಲದೆ ಕೂತ ಕಲಾವಿದನಿಗೆ ಹೂವಿನಕೋಲು ಆಸರೆ, ಹುಡುಗನಿಗೆ ಮೊದಲ ರಂಗಸ್ಥಳ. ಒಳನಾಡಿನ ಐಗಳ ಮಠದ, ಅಂದರೆ ಹಳೆಯ ಊರಶಾಲೆಯ, ಮಕ್ಕಳೂ ಮಾನೋಮಿಯಲ್ಲಿ ಗುರುವಿನ ಜೊತೆ ಚೌಪದ ಹಾಡುತ್ತ ಬೀದಿ ಸುತ್ತುತ್ತಿದ್ದರು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ವರದಿಯಲ್ಲಿ ತನ್ನ ಜಿಲ್ಲೆಯೊಂದರಲ್ಲೇ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಎಣಿಸಿದ್ದಾನೆ. ತಂದೆತಾಯಿ ಕೊಟ್ಟಷ್ಟರಲ್ಲಿ ಬದುಕುವ ಮೇಷ್ಟರಿಗೆ ಹಬ್ಬದ ಕಾಣಿಕೆ ಸಣ್ಣ ಮಾತಲ್ಲ. ಉತ್ತರ ಕರ್ನಾಟಕದಲ್ಲಿ ದಶಮಿಯ ಸಂಜೆ ಮಕ್ಕಳು ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗಿ ಹಿರಿಯರ ಕಾಲಿಗೆ ಬೀಳುತ್ತಾರೆ, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುತ್ತಾರೆ. ಗೊಂಬೆ, ಕೋಲು, ಎಲೆ: ಕೈಯಲ್ಲಿನ ವಸ್ತು ಬೇರೆ, ನಡಿಗೆ ಅದೇ. ಇವುಗಳಲ್ಲಿ ಯಾವುದೂ ಬೇಡುವುದಲ್ಲ. ಮಗು ಒಂದು ಹಾಡನ್ನೋ ಮಾತನ್ನೋ ಎಲೆಯನ್ನೋ ಕೊಟ್ಟೇ ಮುಂದಕ್ಕೆ ಹೋಗುತ್ತದೆ.

ಎಲ್ಲಕ್ಕಿಂತ ಕಟುವಾದ ಆಕ್ಷೇಪ ಜಾತಿಯದು, ಅದನ್ನು ತೇಲಿಸಿ ಬಿಡಲಾಗದು. ಗೊಂಬೆ ಕೂರಿಸುತ್ತಿದ್ದವರು ಬಹುಪಾಲು ಬ್ರಾಹ್ಮಣರು, ಅರಸು ಮನೆತನದವರು, ಅನುಕೂಲಸ್ಥ ವರ್ತಕರು. ‘ಬೀದಿಯ ಮಕ್ಕಳು’ ಅಂದರೆ ಆ ಬೀದಿಯ ಮಕ್ಕಳು. ಕೇರಿಯ ಮಗುವಿಗೆ ಆ ಹೊಸ್ತಿಲು ದಾಟುವ ಹಕ್ಕು ಇರಲಿಲ್ಲ. ಬಾಗಿಲು ತೆರೆದಿತ್ತು ಎಂದು ಹೊಗಳುವಾಗ ಯಾರಿಗೆ ತೆರೆದಿತ್ತು ಎಂದೂ ಬರೆಯಬೇಕು. ಗೊಂಬೆಗಳ ಕಥೆಯಲ್ಲೂ ಇದೇ ಓರೆ ಇದೆ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಚರಕಿಗೆ ಕೊಟ್ಟು, ತಿರುಗುವಾಗಲೇ ಅರಗಿನ ಬಣ್ಣ ಹತ್ತಿಸಿ, ಗರಿಯಿಂದ ಉಜ್ಜಿ ಹೊಳಪು ತರುವ ಕುಶಲಿಗಳಲ್ಲಿ ಮುಸ್ಲಿಮರು ಬಹಳ ಮಂದಿ. ಅವರ ಕೈಯ ಗೊಂಬೆ ಒಳಮನೆಯ ಮೆಟ್ಟಿಲೇರಿತು, ಅವರ ಮಕ್ಕಳು ಆರತಿಗೆ ಬರಲಿಲ್ಲ. ಹಾಗೆಂದು ಪದ್ಧತಿಯನ್ನೇ ಕೈಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ. ಅಪರಿಚಿತ ಮಗುವನ್ನು ಒಳಗೆ ಕರೆದು ಹಾಡು ಕೇಳಿ ತಿನ್ನಲು ಕೊಡಬೇಕು ಎಂಬುದು ಒಳ್ಳೆಯ ನಿಯಮ. ಅದರ ದೋಷ ಅರ್ಧಕ್ಕೇ ನಿಂತದ್ದು.

ಈಗ ಮೆಟ್ಟಿಲುಗಳು ಮಡಚುವ ಸ್ಟೀಲಿನವು, ಚರ್ಪು ಬಹಳ ಕಡೆ ಚಾಕೊಲೇಟು. ಅದಕ್ಕೆ ನನ್ನ ತಕರಾರಿಲ್ಲ. ಕ್ರಿಕೆಟ್ ತಂಡವನ್ನು ಒಪ್ಪಿಕೊಂಡ ಹಬ್ಬ ಇದನ್ನೂ ಅರಗಿಸಿಕೊಳ್ಳುತ್ತದೆ. ತೊಂದರೆ ಇರುವುದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ. ಹೆಸರು, ಫ್ಲ್ಯಾಟ್ ನಂಬರು, ಫೋನ್ ನಂಬರು ಬರೆಯದೆ ಒಳಗೆ ಬಿಡದ ಕಡೆ ‘ಗೊಂಬೆ ಕೂರಿಸಿದ್ದೀರಾ’ ಎಂದು ಕೂಗುವುದಾದರೂ ಯಾರನ್ನು? ಈ ಸಲ ಗೊಂಬೆ ಕೂರಿಸುವವರು ಪಾಡ್ಯದ ದಿನವೇ ಕಾವಲಿನವರಿಗೆ ಒಂದು ಮಾತು ಹೇಳಿಡಿ: ಸಂಜೆ ಆರರಿಂದ ಎಂಟರವರೆಗೆ ಮಕ್ಕಳು ಯಾರೇ ಬರಲಿ, ಬಿಡಿ. ಉಸಲಿಗೆ ಕಡಲೆಕಾಳು ಒಂದು ಪಾವು ಹೆಚ್ಚೇ ನೆನೆಹಾಕಿ.