ಚಿತ್ತಾಲರ ನೌಕರಿ

ಹಳೆಯ ಮನೆಗಳ ಸ್ವಿಚ್ ಬೋರ್ಡ್ ಬಿಚ್ಚಿ ನೋಡಿದವರಿಗೆ ಹೈಲಂ ಶೀಟ್ ಗೊತ್ತಿರುತ್ತದೆ. ಕಂದು ಬಣ್ಣದ ಗಟ್ಟಿ ಹಲಗೆ. ಬಿಸಿಗೆ ಕರಗುವುದಿಲ್ಲ, ಕರೆಂಟ್ ಹಾಯಲು ಬಿಡುವುದಿಲ್ಲ. ಯಾವ ಕಂಪನಿಯದಾದರೂ ಎಲೆಕ್ಟ್ರಿಷಿಯನ್‌ಗಳು ಅದನ್ನು ಹೈಲಂ ಅಂತಲೇ ಕರೆಯುತ್ತಾರೆ. ಆ ಹೆಸರಿನ ಮೊದಲರ್ಧ ಹೈದರಾಬಾದಿನದು, ಉಳಿದರ್ಧ ಲ್ಯಾಮಿನೇಟಿನದು. ನಮ್ಮ ಸನತ್‌ನಗರದಲ್ಲಿ ಈ ಹಲಗೆ ಮಾಡುತ್ತಿದ್ದ ಕಂಪನಿ ಮುಂದೆ ಬೇಕಲೈಟ್ ಕಂಪನಿಯ ಜೊತೆ ಕೂಡಿ ಬೇಕಲೈಟ್ ಹೈಲಂ ಆಯಿತು. ಅದೇ ಬೇಕಲೈಟ್ ಕಂಪನಿಯಲ್ಲಿ, ಬಾಂಬೆಯಲ್ಲಿ ಕೂತು, ಸುಮಾರು ಮೂರು ದಶಕ ರಾಳಗಳ ತಂತ್ರಜ್ಞರಾಗಿ ದುಡಿದವರು ಯಶವಂತ ಚಿತ್ತಾಲ. ಹೌದು, ‘ಶಿಕಾರಿ’ ಬರೆದ ಚಿತ್ತಾಲರೇ.

ಚಿತ್ತಾಲರ ಬಗ್ಗೆ ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ನನಗೆ ಹೇಳಬೇಕಿರುವುದು ಅವರ ನೌಕರಿಯ ಬಗ್ಗೆ. ಕನ್ನಡದ ಕಥೆಗಾರರ ಪರಿಚಯದಲ್ಲಿ ನೌಕರಿಗೆ ಸಿಗುವುದು ಒಂದೇ ಸಾಲು, ‘ವೃತ್ತಿಯಲ್ಲಿ ಇಂಥವರು’ ಎಂದು. ಚಿತ್ತಾಲರ ವಿಷಯದಲ್ಲಿ ಆ ಒಂದು ಸಾಲನ್ನು ಸ್ವಲ್ಪ ಬಿಡಿಸಿ ನೋಡಬೇಕು ಅಂತ ನನ್ನ ಅನಿಸಿಕೆ.

ಅಮೆರಿಕದ ಸಾಹಿತಿಗಳ ಬದುಕನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಬೇಗ ಕಾಣುತ್ತದೆ. ಮ್ಯಾರಿಲಿನ್ ರಾಬಿನ್ಸನ್ ಮೊದಲ ಕಾದಂಬರಿ ‘ಹೌಸ್‌ಕೀಪಿಂಗ್’ ಪ್ರಕಟಿಸಿದ್ದು 1980ರಲ್ಲಿ. ಎರಡನೆಯದು ‘ಗಿಲಿಯಾಡ್’ ಬಂದದ್ದು 2004ರಲ್ಲಿ, ಅಂದರೆ 24 ವರ್ಷದ ಮೇಲೆ. ಮರುವರ್ಷ ಅದಕ್ಕೆ ಪುಲಿಟ್ಜರ್ ಸಿಕ್ಕಿತು. ಈ ನಡುವೆ ಅವರಿಗೆ ಆಸರೆಯಾಗಿದ್ದು ಅಯೋವಾ ವಿಶ್ವವಿದ್ಯಾಲಯದ ಬರವಣಿಗೆಯ ಶಾಲೆ. 1936ರಲ್ಲಿ ಶುರುವಾದ ಆ ಶಾಲೆಯ ಮಾದರಿ ಮುಂದೆ ಅಮೆರಿಕದ ತುಂಬ ಹಬ್ಬಿತು. ಕಥೆ ಬರೆಯುವುದನ್ನು ಕಲಿಯುವುದು, ಆಮೇಲೆ ಅದನ್ನೇ ಕಲಿಸುತ್ತ ಸಂಬಳ ಪಡೆಯುವುದು ಅಲ್ಲಿ ಒಂದು ವೃತ್ತಿಮಾರ್ಗವೇ ಆಯಿತು.

ಚಿತ್ತಾಲರ ಮೊದಲ ಕಾದಂಬರಿ ‘ಮೂರು ದಾರಿಗಳು’ ಬಂದದ್ದು 1964ರಲ್ಲಿ. ಎರಡನೆಯದು ‘ಶಿಕಾರಿ’, 1979ರಲ್ಲಿ. ನಡುವೆ 15 ವರ್ಷ. ಕಥೆಗಳನ್ನು ಬರೆಯುತ್ತಲೇ ಇದ್ದರು, ಆದರೆ ಆ 15 ವರ್ಷ ಮನೆ ನಡೆಸಿದ್ದು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್.

ಈ ರಾಳದ ಕಥೆಯೂ ಅಮೆರಿಕದಲ್ಲೇ ಶುರುವಾಗುತ್ತದೆ. ಬೆಲ್ಜಿಯಮ್ಮಿನಿಂದ ವಲಸೆ ಬಂದ ಲಿಯೋ ಬೇಕಲೆಂಡ್ ಎಂಬ ರಸಾಯನ ವಿಜ್ಞಾನಿ ನ್ಯೂಯಾರ್ಕಿನ ಪಕ್ಕದ ಯಾಂಕರ್ಸ್‌ನಲ್ಲಿ 1907ರಲ್ಲಿ ಇವೆರಡನ್ನು ಶಾಖ ಮತ್ತು ಒತ್ತಡದಲ್ಲಿ ಕೂಡಿಸಿ, ಪೂರ್ತಿ ಮನುಷ್ಯ ನಿರ್ಮಿತವಾದ ಮೊದಲ ಪ್ಲಾಸ್ಟಿಕ್ ಮಾಡಿದ. ಅದೇ ಬೇಕಲೈಟ್. ಈ ರಾಳದಲ್ಲಿ ಅದ್ದಿದ ಕಾಗದದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಹೈಲಂ ಥರದ ಹಲಗೆ ಸಿಗುತ್ತದೆ. ಕಾದಾಗ ಅಣುಗಳ ಸರಪಳಿಗಳು ಅಡ್ಡಡ್ಡವಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒಮ್ಮೆ ಹೀಗೆ ಗಟ್ಟಿಯಾದದ್ದನ್ನು ಮತ್ತೆ ಕರಗಿಸಿ ಬೇರೆ ಆಕಾರಕ್ಕೆ ತರಲು ಬರುವುದಿಲ್ಲ. ಶಾಖ, ಒತ್ತಡ, ಹೊತ್ತು ಮೂರೂ ಸರಿಯಾಗಿ ಕೂಡಬೇಕು, ಇಲ್ಲದಿದ್ದರೆ ಇಡೀ ಬ್ಯಾಚ್ ಹಾಳು. ಇಂಥ ಕೆಲಸ ಮಾಡುತ್ತಲೇ ಚಿತ್ತಾಲರು ಕಥೆ ಬರೆದರು.

ಅವರು ಹುಟ್ಟಿದ್ದು 1928ರ ಆಗಸ್ಟ್ 3ರಂದು, ಉತ್ತರ ಕನ್ನಡದ ಹನೇಹಳ್ಳಿಯಲ್ಲಿ. ಗೋಕರ್ಣದ ಹತ್ತಿರದ ಸಣ್ಣ ಊರು. ಅಣ್ಣ ಗಂಗಾಧರ ಚಿತ್ತಾಲ ಕವಿ. ಹೈಸ್ಕೂಲು ಕುಮಟೆಯ ಗಿಬ್ ಶಾಲೆಯಲ್ಲಿ. ಮೊದಲ ಕಥೆ ‘ಬೊಮ್ಮಿಯ ಹುಲ್ಲು ಹೊರೆ’ ಬರೆದದ್ದು 1949ರಲ್ಲಿ. ಬಾಂಬೆಯಲ್ಲಿ ರಾಸಾಯನಿಕ ತಂತ್ರಜ್ಞಾನ ಓದಿದರು. ಹೆಚ್ಚಿನ ಓದಿಗೆ ಅಮೆರಿಕಕ್ಕೂ ಹೋದರು. ನ್ಯೂಯಾರ್ಕಿನ ಎದುರಿಗೆ, ಹಡ್ಸನ್ ನದಿಯ ಈಚೆ ದಂಡೆಯ ಹೊಬೊಕನ್‌ನಲ್ಲಿರುವ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಅವರು ಓದಿದ ಸಂಸ್ಥೆ. ನಮ್ಮಲ್ಲಿ ಹಲವರು ಎಂಎಸ್ ಮಾಡಲು ಅರ್ಜಿ ಹಾಕಿದ್ದ ಕಾಲೇಜುಗಳ ಪಟ್ಟಿಯಲ್ಲಿ ಈ ಹೆಸರೂ ಇದ್ದಿರಬಹುದು.

ಹನೇಹಳ್ಳಿಯ ಹುಡುಗ ಬೆಂಗಳೂರಿಗೆ ಹೋಗದೆ ಬಾಂಬೆಗೆ ಯಾಕೆ ಹೋದ? ಅದಕ್ಕೊಂದು ಚಾರಿತ್ರಿಕ ಕಾರಣವಿದೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಬಾಂಬೆ ಪ್ರಾಂತಕ್ಕೆ ಸೇರಿತು. ಅಂದಿನಿಂದ ಸುಮಾರು ನೂರು ವರ್ಷ ಅಲ್ಲಿನವರಿಗೆ ರಾಜಧಾನಿ ಬಾಂಬೆಯೇ. ಓದು, ನೌಕರಿ ಎಲ್ಲಕ್ಕೂ ಜನ ಅತ್ತ ಮುಖ ಮಾಡುತ್ತಿದ್ದರು. ಪರ ರಾಜ್ಯಕ್ಕೆ ಹೋಗುತ್ತಿದ್ದೇವೆ ಅನ್ನುವ ಭಾವನೆಗೆ ಜಾಗವೇ ಇರಲಿಲ್ಲ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಬಾಂಬೆಯಲ್ಲಿದ್ದ ಕನ್ನಡಿಗರು ಕೂತಲ್ಲೇ ಕೂತು ಹೊರನಾಡಿನವರಾದರು.

ಹೈದರಾಬಾದಿನ ಕಥೆಯೂ ಇದೇ. ಬೀದರ್, ಗುಲಬರ್ಗಾ, ರಾಯಚೂರು ನಿಜಾಮರ ಸಂಸ್ಥಾನದ ಜಿಲ್ಲೆಗಳು. ಕಾಲೇಜು ಮೆಟ್ಟಿಲು ಹತ್ತಬೇಕೆಂದರೆ ಆ ಕಡೆಯವರು ಬರುತ್ತಿದ್ದದ್ದು 1918ರಲ್ಲಿ ಉರ್ದು ಮಾಧ್ಯಮದಲ್ಲಿ ಶುರುವಾದ ಉಸ್ಮಾನಿಯಾಕ್ಕೆ. ಸಿದ್ದಯ್ಯ ಪುರಾಣಿಕರು ಇಲ್ಲೇ ಓದಿ ಇಲ್ಲಿನ ಸರ್ಕಾರದ ಸೇವೆಗೆ ಸೇರಿದವರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವೆಲ್ಲ ಕನ್ನಡಿಗರು ಈ ನೆಲದಲ್ಲಿ ಬೇರು ಬಿಟ್ಟದ್ದರ ಗುರುತು. ಅದೇ ನವೆಂಬರ್ 1ರಂದು ಆ ಮೂರು ಜಿಲ್ಲೆ ಅತ್ತ ಹೋದವು, ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಯಿತು. ನಾವು ರಾಜ್ಯೋತ್ಸವ ಆಚರಿಸುವ ದಿನವೇ ಎರಡು ದೊಡ್ಡ ಊರುಗಳ ಕನ್ನಡಿಗರು ನಕಾಶೆಯಿಂದ ಆಚೆ ಉಳಿದರು. ಎರಡು ಸಾವಿರದ ಇಸವಿಯ ಆಸುಪಾಸು ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಇಲ್ಲಿಗೆ ಬಂದ ನಮ್ಮಂಥವರು ಈ ಸಾಲಿನ ಕೊನೆಯಲ್ಲಿ ನಿಂತವರು.

ಹೀಗೆ ಆಚೆ ಉಳಿದ ಬರಹಗಾರನಿಗೆ ಒಂದು ಸುಲಭದ ದಾರಿ ಇರುತ್ತದೆ. ದುಡಿಮೆಯ ಊರನ್ನು ಇಂಗ್ಲಿಷಿಗೆ ಬಿಟ್ಟು, ಬಿಟ್ಟು ಬಂದ ಊರನ್ನು ಕನ್ನಡದಲ್ಲಿ ನೆನೆಯುತ್ತ ಕೂರುವುದು. ಚಿತ್ತಾಲರಿಗೂ ಹನೇಹಳ್ಳಿಯೇ ಮೊದಲ ಬಂಡವಾಳ. ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿನ ಸಮುದ್ರದ ಎದುರಿನ ಮನೆಯಲ್ಲಿದ್ದುಕೊಂಡೂ ಕೊನೆಯವರೆಗೆ ಆ ಊರನ್ನು ಬರೆದರು. ಆದರೆ ಅವರು ಆಫೀಸನ್ನು ಹೊರಗೆ ಬಿಡಲಿಲ್ಲ. ‘ಶಿಕಾರಿ’ಯ ನಾಗಪ್ಪ ಅವರ ಹಾಗೆಯೇ ಹನೇಹಳ್ಳಿಯಿಂದ ಬಂದು ಬಾಂಬೆಯ ರಾಸಾಯನಿಕ ಕಂಪನಿಯೊಂದರಲ್ಲಿ ಮೇಲಕ್ಕೇರಿದವನು. ಒಂದು ದಿನ ಅವನನ್ನು ಕೆಲಸದಿಂದ ಸಸ್ಪೆಂಡ್ ಮಾಡುತ್ತಾರೆ. ಆರೋಪ ಏನೆಂದು ಹೇಳುವುದಿಲ್ಲ. ಯಾರು ತನ್ನ ಪರ, ಯಾರು ವಿರುದ್ಧ, ಯಾರ ಯಾವ ಮಾತಿನ ಹಿಂದೆ ಏನಿದೆ ಎಂದು ಅವನು ಲೆಕ್ಕ ಹಾಕುತ್ತ ಹೋಗುತ್ತಾನೆ. ಹಾಗೆ ಹುಡುಕುತ್ತ ಅವನು ಇಳಿಯುವುದು ಬಾಲ್ಯದೊಳಕ್ಕೆ, ಹನೇಹಳ್ಳಿಯ ಹಳೆಯ ಭಯಗಳೊಳಕ್ಕೆ. ಊರು ಮತ್ತು ಆಫೀಸು ಎರಡು ಬೇರೆ ಜಗತ್ತುಗಳಾಗಿ ಉಳಿಯುವುದಿಲ್ಲ. ಚೇರ್ಮನ್ ಎದುರಿಗೆ ಕೂತ ನಾಗಪ್ಪನ ಒಳಗೆ ಹನೇಹಳ್ಳಿಯ ಹುಡುಗನೂ ಕೂತಿರುತ್ತಾನೆ. ಕೊನೆಗೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ಇನ್ನೂ ಓದದವರು ಓದಿಕೊಳ್ಳಲಿ.

‘ಶಿಕಾರಿ’ ಅಂದ ಕೂಡಲೆ ಕಾಫ್ಕಾನ ‘ದಿ ಟ್ರಯಲ್’ ನೆನಪಾಗುವುದು ಸಹಜ. ಅಲ್ಲೂ ನಾಯಕನಿಗೆ ತನ್ನ ಅಪರಾಧ ಏನೆಂದು ತಿಳಿಯುವುದಿಲ್ಲ. ಕಾಫ್ಕಾ ಕೂಡ ಪ್ರಾಗ್‌ನಲ್ಲಿ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯ ನೌಕರ. ನನಗೆ ಇದಕ್ಕಿಂತ ಹತ್ತಿರ ಅನ್ನಿಸುವ ಹೋಲಿಕೆ ಅಮೆರಿಕದ ಜೋಸೆಫ್ ಹೆಲ್ಲರ್ 1974ರಲ್ಲಿ ಬರೆದ ‘ಸಂಥಿಂಗ್ ಹ್ಯಾಪನ್ಡ್’. ಅದರ ನಾಯಕನೂ ದೊಡ್ಡ ಕಂಪನಿಯ ಮಧ್ಯಮ ದರ್ಜೆಯ ಅಧಿಕಾರಿ, ಅಲ್ಲೂ ಆಫೀಸಿನಲ್ಲಿ ಯಾರು ಯಾರಿಗೆ ಹೆದರುತ್ತಾರೆ ಎಂಬುದೇ ಕಥೆಯ ಉಸಿರು. ಐದು ವರ್ಷದ ಅಂತರದಲ್ಲಿ, ಒಂದೇ ಭಯದ ಬಗ್ಗೆ ನ್ಯೂಯಾರ್ಕಿನಲ್ಲೊಂದು, ಬಾಂಬೆಯಲ್ಲೊಂದು ಕಾದಂಬರಿ. ಬಾಂಬೆಯದ್ದು ಕನ್ನಡದಲ್ಲಿ ಬಂತು ಎಂಬುದು ನಾವು ಹೆಮ್ಮೆ ಪಡಬೇಕಾದ ಸಂಗತಿ. ಅದು ಪ್ರತಿಭಾ ನಂದಕುಮಾರ್ ಅವರ ಅನುವಾದದಲ್ಲಿ ಇಂಗ್ಲಿಷಿಗೆ ಹೋದದ್ದು ಸುಮಾರು ನಾಲ್ಕು ದಶಕದ ನಂತರ.

ಇದು ನನಗೆ ಬರೀ ಸಾಹಿತ್ಯದ ಮಾತಾಗಿ ಉಳಿದಿಲ್ಲ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಂಪನಿಯೊಂದರಲ್ಲಿ ಸೋಮವಾರ ಬೆಳಗ್ಗೆ ಪಕ್ಕದ ತಂಡದ ಹುಡುಗನೊಬ್ಬನ ಬ್ಯಾಡ್ಜಿಗೆ ಗೇಟು ತೆರೆಯಲಿಲ್ಲ. ಮೇಲ್ ಅಕೌಂಟೂ ಬಂದ್. ಹಿಂದಿನ ರಾತ್ರಿ ಹತ್ತರವರೆಗೆ ರಿಲೀಸ್ ಕಾಲ್‌ನಲ್ಲಿದ್ದವನು. ಬೀದರ್ ಕಡೆಯವನು, ಹಾಗಾಗಿ ನನಗೆ ಫೋನ್ ಮಾಡಿದ. “ಸರ್, ನಂದೇನ್ ತಪ್ಪಾಗ್ಯಾದ್ರಿ?” ಅಂದ. ಉತ್ತರಕ್ಕೆ ನನ್ನ ಬಾಯಿಗೆ ಬಂದ ಪದಗಳೆಲ್ಲ ಇಂಗ್ಲಿಷಿನವು. ರೀಸ್ಟ್ರಕ್ಚರಿಂಗ್, ಬಿಸಿನೆಸ್ ನೀಡ್, ರೋಲ್ ರಿಡಂಡೆಂಟ್. ಅವುಗಳಲ್ಲಿ ಯಾವುದೂ ಅವನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಆ ಪದಗಳನ್ನು ಮಾಡಿರುವುದೇ ‘ಯಾರು ಮಾಡಿದರು, ಯಾಕೆ ಮಾಡಿದರು’ ಅನ್ನುವುದನ್ನು ಅಳಿಸಲಿಕ್ಕೆ. ಕನ್ನಡದಲ್ಲಿ ಕೇಳಿದರೆ ಪ್ರಶ್ನೆ ನೆಟ್ಟಗೆ ನಿಲ್ಲುತ್ತದೆ: ನಂದೇನ್ ತಪ್ಪಾಗ್ಯಾದ? ನಾಗಪ್ಪ ಇಡೀ ಕಾದಂಬರಿಯುದ್ದಕ್ಕೂ ಕೇಳಿಕೊಳ್ಳುವುದು ಇದನ್ನೇ.

ಚಿತ್ತಾಲರ ನೌಕರಿ ನಮಗೆ ಕೊಟ್ಟದ್ದು ಇದು. ಒಳಗಿದ್ದವರಿಗೆ ಮಾತ್ರ ಗೊತ್ತಾಗುವ ಆಫೀಸಿನ ಹಿಂಸೆಯನ್ನು ಅವರು ಕನ್ನಡದಲ್ಲಿ ಹೇಳಿದರು. ಮಾತು ಎಷ್ಟು ನಯವಾಗಿರುತ್ತದೆ, ಕಾಗದ ಎಷ್ಟು ಸಭ್ಯವಾಗಿರುತ್ತದೆ, ಅದರ ಕೆಳಗೆ ಬೇಟೆ ಹೇಗೆ ನಡೆಯುತ್ತದೆ ಎಂಬುದು ಹಾಜರಿ ಹಾಕಿದವನ ಕಣ್ಣಿಗೆ ಬಿದ್ದದ್ದು. ಸಸ್ಪೆಂಡ್, ಎನ್‌ಕ್ವಾಯರಿ ಮುಂತಾದ ಪದಗಳಿಗೆ ಸಂಸ್ಕೃತದ ವೇಷ ಹಾಕದೆ ಹಾಗೇ ಇಟ್ಟರೂ ವಾಕ್ಯ ಕನ್ನಡದ್ದೇ ಆಗಿರುತ್ತದೆ. ನೌಕರಿ ಅವರ ಬರವಣಿಗೆಯ ವೇಳೆಯನ್ನು ತಿಂದಿರಲೇಬೇಕು. ಅದಕ್ಕೆ ಬದಲಾಗಿ ಬರವಣಿಗೆಗೆ ವಸ್ತುವನ್ನೂ ಕೊಟ್ಟಿತು.

‘ಶಿಕಾರಿ’ ಬಂದಾಗ ಅವರಿಗೆ ಐವತ್ತರ ಆಸುಪಾಸು. ‘ಕಥೆಯಾದಳು ಹುಡುಗಿ’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1983ರಲ್ಲಿ. ‘ಛೇದ’ 1985ರಲ್ಲಿ, ‘ಪುರುಷೋತ್ತಮ’ 1990ರಲ್ಲಿ, ‘ಕೇಂದ್ರ ವೃತ್ತಾಂತ’ 1996ರಲ್ಲಿ. 2014ರ ಮಾರ್ಚ್ 22ರಂದು ಮುಂಬೈಯಲ್ಲೇ ತೀರಿಕೊಂಡರು. ನಲವತ್ತು ದಾಟಿದ ಮೇಲೆ ಇನ್ನೇನು ಬರೆಯುವುದು ಎಂದು ಕೈಚೆಲ್ಲುವ ನನ್ನ ಓರಗೆಯವರು ಈ ಇಸವಿಗಳನ್ನು ಒಮ್ಮೆ ನೋಡಬೇಕು.

ಅವರ ನಂತರ ದಾರಿ ಪೂರ್ತಿ ಮುಚ್ಚಿಲ್ಲ. ಜಯಂತ ಕಾಯ್ಕಿಣಿ ಮುಂಬೈಯ ಲೋಕಲ್ ಟ್ರೇನು, ಚಾಳುಗಳ ಜನರನ್ನು ಕಥೆಗೆ ತಂದರು. ಇಂಜಿನಿಯರಾಗಿ ಕಂಪನಿಯಲ್ಲಿ ದುಡಿದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬೆಂಗಳೂರಿನ ವ್ಯಾಪಾರಸ್ಥ ಕುಟುಂಬವೊಂದಕ್ಕೆ ಹಣ ಬಂದಾಗ ಏನಾಗುತ್ತದೆ ಎಂದು ತೋರಿಸಿ ಅಮೆರಿಕದಲ್ಲೂ ಓದುಗರನ್ನು ಪಡೆಯಿತು. ಆದರೆ ಗಚ್ಚಿಬೌಲಿಯ ಗಾಜಿನ ಕಟ್ಟಡಗಳೊಳಗೆ ನಡೆಯುವುದನ್ನು ಬರೆಯಬೇಕಾದವರು ಒಳಗಿರುವ ನಾವು. ಕ್ಲೈಂಟಿನ ಬೆಳಗಿಗೆ ನಮ್ಮ ರಾತ್ರಿಯನ್ನು ಹೊಂದಿಸಿಕೊಳ್ಳುವುದು, ಅಪ್ರೈಸಲ್ ಕೋಣೆಯಿಂದ ಹೊರಬಂದವರ ಮುಖ, ಬೆಂಚಿನ ಮೇಲೆ ಕೂತ ಹುಡುಗಿ ಮನೆಗೆ ಫೋನ್ ಮಾಡಿ ಎಲ್ಲ ಚೆನ್ನಾಗಿದೆ ಎನ್ನುವುದು, ಮನುಷ್ಯರನ್ನು ‘ರಿಸೋರ್ಸ್’ ಎಂದು ಎಕ್ಸೆಲ್ ಹಾಳೆಯಲ್ಲಿ ಎಣಿಸುವ ನನ್ನಂಥವನ ದಿನಚರಿ, ಇವೆಲ್ಲ ಕನ್ನಡಕ್ಕೆ ಇನ್ನೂ ಬರಬೇಕಾದಷ್ಟು ಬಂದಿಲ್ಲ. ನಮ್ಮಂಥ ಪತ್ರಿಕೆಗಳಿಗೆ ಬರುವ ಕಥೆಗಳಲ್ಲಿ ಅಜ್ಜಿಮನೆ, ಮಳೆಗಾಲ, ಹಲಸಿನಹಣ್ಣು ಸಮೃದ್ಧವಾಗಿವೆ. ಇರಲಿ, ಅವೂ ಬೇಕು. ಅದರ ಜೊತೆಗೆ ನಾವು ದಿನಕ್ಕೆ ಹತ್ತು ತಾಸು ಕಳೆಯುವ ಜಾಗವೂ ಬರಲಿ.

ಕಾಲೇಜು ಮುಗಿಸಿ ಇಲ್ಲಿಗೆ ಬಂದಿರುವ ಹುಡುಗ ಹುಡುಗಿಯರು ನಮ್ಮ ಓದುಗರಲ್ಲಿ ಬಹಳ ಜನ ಇದ್ದಾರೆ. ನಿಮಗೆ ನನ್ನದೊಂದು ಸಲಹೆ: ‘ಶಿಕಾರಿ’ ಓದಿ. ಓದಿದ ಮೇಲೆ ನಿಮ್ಮ ಆಫೀಸಿನ ಒಂದು ದಿನವನ್ನು, ಮೊದಲ ಸ್ವೈಪಿನಿಂದ ಕೊನೆಯ ಸ್ವೈಪಿನವರೆಗೆ, ಕನ್ನಡದಲ್ಲಿ ಬರೆದು ನೋಡಿ. ಪದ ಸಿಗದ ಕಡೆ ಇಂಗ್ಲಿಷಿನದನ್ನೇ ಹಾಕಿ ಮುಂದೆ ಹೋಗಿ. ಬರೆಯುತ್ತ ಎಲ್ಲಿ ನಿಮ್ಮ ಕೈ ತಡೆಯುತ್ತದೋ, ಬಹುಶಃ ಅಲ್ಲೇ ಕಥೆ ಇದೆ.