ಫೋನ್ ಕಂಡುಹಿಡಿದವರ ಮನೆಯಲ್ಲಿ ಕಿವಿ ಕೇಳದ ಇಬ್ಬರು

ನಿಮ್ಮ ಕೈಯಲ್ಲಿರುವ ಫೋನಿನ ಮೂಲ ಹುಡುಕುತ್ತಾ ಹೋದರೆ ಸಿಗುವ ಹೆಸರು ಅಲೆಕ್ಸಾಂಡರ್ ಗ್ರಹಾಂ ಬೆಲ್. ಶಾಲೆಯಲ್ಲಿ ಒಂದು ಮಾರ್ಕಿನ ಪ್ರಶ್ನೆಗೆ ನಾವೆಲ್ಲ ಬಾಯಿಪಾಠ ಮಾಡಿದ ಹೆಸರು. ಅವರ ತಾಯಿಗೂ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ ಅನ್ನುವುದನ್ನು ಮಾತ್ರ ಯಾವ ಮೇಷ್ಟ್ರೂ ಹೇಳಿದ ನೆನಪಿಲ್ಲ.

ಬೆಲ್ ಹುಟ್ಟಿದ್ದು 1847ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಾಯಿ ಎಲೈಜಾ ಪಿಯಾನೋ ನುಡಿಸುತ್ತಿದ್ದರು, ಆದರೆ ಕಿವಿ ಬಹಳ ಮಂದ. ಬೇರೆಯವರು ಅವರ ಕಿವಿಗೆ ಇಟ್ಟ ಕೊಳವೆಯೊಳಗೆ ಕೂಗಿದರೆ, ಮಗ ಅಮ್ಮನ ಹಣೆಯ ಹತ್ತಿರ ಬಾಯಿಟ್ಟು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ಬೆರಳಲ್ಲಿ ಅಕ್ಷರ ತೋರಿಸುವುದನ್ನೂ ಕಲಿತಿದ್ದ. ನೆಂಟರು ಬಂದಾಗ ಪಕ್ಕದಲ್ಲಿ ಕೂತು, ಅವರ ಮಾತನ್ನೆಲ್ಲ ಅಮ್ಮನಿಗೆ ಬೆರಳಲ್ಲೇ ದಾಟಿಸುತ್ತಿದ್ದ. ನಮ್ಮ ಮನೆಗಳಲ್ಲಿ ಹಬ್ಬದ ದಿನ ಎಲ್ಲರೂ ನಗುವಾಗ ಕಿವಿ ಕೇಳದ ಅಜ್ಜಿ "ಏನಂತೆ?" ಅಂದರೆ "ಏನಿಲ್ಲ ಬಿಡಜ್ಜಿ" ಅಂದುಬಿಡುತ್ತೇವಲ್ಲ, ಆ ಹುಡುಗ ಹಾಗೆ ಮಾಡಲಿಲ್ಲ.

ಮುಂದೆ ಅಮೆರಿಕಕ್ಕೆ ಹೋಗಿ ಬಾಸ್ಟನ್ನಿನಲ್ಲಿ ಕಿವುಡರಿಗೆ ಮಾತು ಕಲಿಸುವ ಮೇಷ್ಟ್ರಾದರು. ಅಲ್ಲಿ ಶಿಷ್ಯೆಯಾಗಿ ಬಂದವಳು ಮೇಬಲ್ ಹಬ್ಬರ್ಡ್. ಐದನೇ ವಯಸ್ಸಿನಲ್ಲಿ ಸ್ಕಾರ್ಲೆಟ್ ಜ್ವರ ಬಂದು ಅವಳ ಕಿವಿ ಹೋಗಿತ್ತು. ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು. ಬೆಲ್ ಪ್ರಯೋಗಕ್ಕೆ ದುಡ್ಡು ಹಾಕಿದವರಲ್ಲಿ ಅವಳ ಅಪ್ಪನೂ ಒಬ್ಬರು. 1876ರಲ್ಲಿ ಫೋನಿಗೆ ಪೇಟೆಂಟ್ ಸಿಕ್ಕಿತು. 1877ರ ಜುಲೈನಲ್ಲಿ ಮದುವೆ. ಆಗ ಬೆಲ್ ತಮ್ಮ ಕಂಪನಿಯ ಷೇರುಗಳಲ್ಲಿ ಹತ್ತನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಹೆಂಡತಿಯ ಹೆಸರಿಗೆ ಮಾಡಿದರು. ಆ ಫೋನಿನಲ್ಲಿ ಒಂದು ಮಾತೂ ಕೇಳಲಾಗದ ಹೆಂಡತಿಗೆ!

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಇದೇ ಬೆಲ್ 1883ರಲ್ಲಿ ಅಮೆರಿಕದ ವಿಜ್ಞಾನಿಗಳ ಮುಂದೆ ಒಂದು ಪ್ರಬಂಧ ಓದಿದರು. ಕಿವುಡರು ಕಿವುಡರನ್ನೇ ಮದುವೆಯಾಗುತ್ತಾ ಹೋದರೆ ಕಿವುಡರದೇ ಒಂದು ಕುಲವಾದೀತು ಅನ್ನುವುದು ಅವರ ಭಯ. ಅದಕ್ಕೆ ಶಾಲೆಗಳಲ್ಲಿ ಕೈಸನ್ನೆಯ ಭಾಷೆ ಬೇಡ, ಕಿವುಡ ಮೇಷ್ಟ್ರುಗಳು ಬೇಡ ಎಂದರು. ಮಕ್ಕಳು ಬಾಯಲ್ಲೇ ಮಾತಾಡಲಿ, ತುಟಿ ನೋಡಲಿ ಎಂಬುದು ಅವರ ವಾದ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ್ದ ಮೇಷ್ಟ್ರುಗಳೂ ಇದನ್ನೇ ನಿರ್ಣಯ ಮಾಡಿದ್ದರು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಕಿವಿ ಕೇಳುತ್ತಿತ್ತು. ಆಮೇಲೆ ಎಷ್ಟೋ ಶಾಲೆಗಳಲ್ಲಿ ಕೈಸನ್ನೆ ಮಾಡಿದ ಮಕ್ಕಳ ಕೈಗೇ ಏಟು ಬಿತ್ತು.

ಅಮ್ಮನ ಜೊತೆ ಬೆರಳಲ್ಲಿ ಮಾತಾಡಿದ ಮಗ ಬೇರೆ ಮಕ್ಕಳ ಕೈ ಕಟ್ಟಲು ಹೇಗೆ ಹೊರಟರು? ನನಗನ್ನಿಸುವುದು, ಅವರು ಮೇಬಲ್‌ಳನ್ನೇ ಅಳತೆಗೋಲು ಮಾಡಿಕೊಂಡರು. ಮೇಬಲ್‌ಗೆ ಕಿವಿ ಹೋಗುವ ಮೊದಲೇ ಮಾತು ಬಂದಿತ್ತು, ಮನೆಯಲ್ಲಿ ದುಡ್ಡಿತ್ತು, ಕಲಿಸುವವರಿದ್ದರು. ಹುಟ್ಟಿನಿಂದಲೇ ಕೇಳದ ಬಡವರ ಮನೆಯ ಮಗುವಿಗೆ ಅದೊಂದೂ ಇರಲಿಲ್ಲ.

ಬೆಲ್ ತೀರಿಕೊಂಡದ್ದು 1922ರ ಆಗಸ್ಟ್ 2ರಂದು, ಕೆನಡಾದ ತಮ್ಮ ಮನೆಯಲ್ಲಿ. ಕೊನೆ ಗಳಿಗೆಯಲ್ಲಿ ಮೇಬಲ್ "ನನ್ನ ಬಿಟ್ಟು ಹೋಗಬೇಡಿ" ಅಂದಾಗ ದನಿ ಹೊರಡದೆ, ಬೆರಳಲ್ಲೇ "ಇಲ್ಲ" ಎಂದು ಸನ್ನೆ ಮಾಡಿದರಂತೆ. ಮಣ್ಣು ಮಾಡುವಾಗ ಅಮೆರಿಕ, ಕೆನಡಾದ ಫೋನುಗಳನ್ನೆಲ್ಲ ಒಂದು ನಿಮಿಷ ನಿಲ್ಲಿಸಿದರು. ಐದು ತಿಂಗಳಿಗೆ ಮೇಬಲ್ ಕೂಡ ಹೋದರು.